ಮಗ್ಗದ ಮನ್ಯಾಗ ಒಂದು ನಡುಗೋ ಕುರ್ಚಿ

ನಮ್ಮ ಮನ್ಯಾಗ ಕಾರಿಲ್ಲ. ಇದನ್ನ ಮೊದಲ ಹೇಳಿಬಿಡ್ತೇನಿ, ಯಾಕಂದ್ರ ಮುಂದ ನಾ ಸ್ಟೇರಿಂಗು, ಗೇರು, ಬ್ರೇಕು ಅಂತ ಮಾತಾಡಾಕ ಚಾಲೂ ಮಾಡಿದ್ರ "ಅಬಾಬಾ, ಈ ಅಕ್ಕೋರು ಭಾಳ ಮುಂದ ಹೋಗ್ಯಾರ" ಅಂತ ನೀವು ತಿಳ್ಕೋಬಾರದು. ಇಳಕಲ್ಲಿನ ನಮ್ಮ ಓಣ್ಯಾಗ ಕಾರು ತಿರುವಾಕ ಜಾಗಾನ ಇಲ್ಲ. ತಪ್ಪಿ ಬಂದದ್ದು ಹಿಂದಿಂದಕ್ಕ ಸರಕೋತ ಹೋಗ್ಬೇಕು, ಓಣಿ ಮಂದಿ ಎಲ್ಲಾ ಹೊರಗ ಬಂದು "ಬರ್ಲಿ, ಬರ್ಲಿ, ಹಾಂ ತಡೀರಿ" ಅಂತ ಕೈ ಮಾಡ್ತಾರ. ನನಗ ಲೈಸೆನ್ಸೂ ಇಲ್ಲ. ಹುನಗುಂದದ ಕಾಲೇಜಿನ್ಯಾಗ ಹುಡುಗ್ರಿಗೆ ಗಣಿತ ಕಲಸ್ತೇನಿ. ಬಸ್ಸಿಗೆ ಹೋಗ್ತೇನಿ, ಬಸ್ಸಿಗೆ ಬರ್ತೇನಿ. ಆದ್ರೂ ನಮ್ಮ ಮಗ್ಗದ ಮನ್ಯಾಗ ಒಂದ್ ಸ್ಟೇರಿಂಗ್ ಐತಿ, ಅದರ ಕೆಳಗ ಪೆಡಲ್ ಅದಾವ, ಮುಂದ ದೊಡ್ಡ ಪರದೆ ಐತಿ. ಕಂಪ್ಯೂಟರಿನ್ಯಾಗ ಕಾರ್ ರೇಸ್ ಓಡಸೂದು ನನ್ನ ಹವ್ಯಾಸ. ಮತ್ತ ಆ ಸ್ಟೇರಿಂಗಿನ ಹಿಂದ ಒಂದ್ ಕುರ್ಚಿ ಐತಿ, ಕುಂತ್ರ ಗಡಗಡ ನಡಗ್ತೈತಿ. ಇವತ್ತಿನ ಪುರಾಣ ಆ ಕುರ್ಚೀದು.

ಇದು ಹುಚ್ಚು ಅಂತ ನಮ್ಮನಿಯವ್ರು ಅಂತಾರ. ಹೌದ್ರಿ, ಹುಚ್ಚ. ಆದ್ರ ಇವತ್ತಿಂದಲ್ಲ. ನನ್ನ ತವರುಮನಿ ಶಿರೂರು. ಸಣ್ಣಾಕಿದ್ದಾಗ ಅಡಗಿಮನ್ಯಾಗಿನ ಗಂಗಾಳ ತಗೊಂಡು ಕಟ್ಟಿ ಮ್ಯಾಲ ಕುಂತ್ರ ಮುಗೀತು, ಅದ ಸ್ಟೇರಿಂಗು. ಲಟ್ಟಣಗಿ ಗೇರು. ನನ್ನ ತಂಗಿ ಕಂಡಕ್ಟರ್. "ಬಾಗಲಕೋಟಿ, ಬಾಗಲಕೋಟಿ, ಯಾರ್ರೀ ಬಾಗಲಕೋಟಿ!" ಅಂತ ಒದರಾಕಿ. ನಾ ಬಸ್ಸು ಬಾದಾಮಿಗೆ ಬಿಟ್ಟೇನಿ ಅಂದ್ರೂ ಆಕಿ ಬಾಗಲಕೋಟಿನ ಒದರಾಕಿ, ಯಾಕಂದ್ರ ಆಕಿ ಬ್ಯಾರೆ ಊರ ನೋಡಿರಲಿಲ್ಲ. ಊಟಕ್ಕ ಗಂಗಾಳ ಕಮ್ಮಿ ಬಿದ್ರ ನಮ್ಮವ್ವ ಹೊರಗ ಬಂದು, ಓಡಾಕತ್ತಿದ್ದ ಬಸ್ಸಿನ ಸ್ಟೇರಿಂಗ್ ಕಸಕೊಂಡು ಹೋಗಿಬಿಡಾಕಿ. ಒಳಗ ಕುಂತ ಪ್ಯಾಸೆಂಜರ್ ಮಂದಿ ಗತಿ ಏನಾತು ಅಂತ ಯಾರೂ ಕೇಳಲಿಲ್ಲ.

ಖರೇ ಸ್ಟೇರಿಂಗ್ ಕೈಗೆ ಬಂದಾಗ ನನಗ ನಲವತ್ತು ದಾಟಿತ್ತು. ಬಾಗಲಕೋಟಿ ನವನಗರದಾಗ ಡಾಕ್ಟರಕಿ ಓದೋ ಹುಡುಗನೊಬ್ಬ "ಇದು ಎದುರಿಗಿದ್ರ ನಾ ಪಾಸಾಗೂದಿಲ್ಲ" ಅಂತ ಹೇಳಿ, ಪೆಡಲ್ ಸಮೇತ ಅಗ್ಗಕ್ಕ ಕೊಟ್ಟ. ಅದನ್ನ ತೊಡಿ ಮ್ಯಾಲ ಇಟ್ಕೊಂಡು ಬಸ್ಸಿನ್ಯಾಗ ಕುಂತ್ನಿ. ಕಂಡಕ್ಟರ್ ಟಿಕೇಟ್ ಹರಿಯೂದು ಬಿಟ್ಟು ನನ್ನ ತೊಡಿ ನೋಡಿದ.

"ಅಕ್ಕಾರ, ಬಸ್ಸಿಗೆ ಒಂದ್ ಸ್ಟೇರಿಂಗ್ ಐತ್ರಿ. ಇನ್ನೊಂದ್ ಯಾಕ ತಂದ್ರಿ?"

"ನಿಮ್ಮ ಡ್ರೈವರ್ ದಣದ್ರ ಇರ್ಲಿ ಅಂತ ತಂದೇನ್ರಿ" ಅಂದ್ನಿ. ಕಮತಗಿ ಬರೂ ತನಕ ಇಡೀ ಬಸ್ಸು ನಗಾಕತ್ತಿತ್ತು. ನಾ ಮಾತ್ರ ಕಿಡಕಿ ಕಡೆ ಮುಖಾ ಮಾಡಿ, ಎರಡೂ ಕೈಲೆ ಅದನ್ನ ಗಟ್ಟಿ ಹಿಡಕೊಂಡು ಕುಂತಿದ್ನಿ. ಎಷ್ಟು ಖುಷಿ ಆಗಿತ್ತಂದ್ರ ಹೇಳಾಕ ಬರೂದಿಲ್ಲ.

ಮನ್ಯಾಗ ಅದನ್ನ ಇಡಾಕ ಜಾಗಾ ಇದ್ದದ್ದು ಮಗ್ಗದ ಮನ್ಯಾಗ ಒಂದ. ಆ ಮನಿ ನಮ್ಮ ಅತ್ತೀದು. ಅತ್ತಿ ಅಂದ್ರ ನಮ್ಮನಿಯವ್ರ ಅವ್ವ, ಗಂಗವ್ವ. ನಮ್ಮ ಕಡೆ ಹಳೇ ಮಗ್ಗ ಅಂದ್ರ ಕುಣಿಮಗ್ಗ. ನೆಲದಾಗ ಕುಣಿ ತೋಡಿರ್ತಾರ. ನೇಯಾವ್ರು ಅಂಚಿಗೆ ಕುಂತು ಕಾಲು ಕುಣ್ಯಾಗ ಬಿಟ್ಕೊಂಡು, ತುಳಿಯೋ ಹಲಗಿ ಒತ್ತಿ ಒತ್ತಿ ನೇಯ್ತಾರ. ಆಜೂಬಾಜೂ ಮನ್ಯಾಗೆಲ್ಲಾ ಪವರ್‌ಲೂಮ್ ಬಂದು ಕುಂತಿದ್ರೂ ಅತ್ತಿ ತಮ್ಮ ಕುಣಿ ಬಿಟ್ಟಿರಲಿಲ್ಲ. ಸ್ಟೇರಿಂಗ್ ನೋಡಿ, "ಇದಕ್ಕ ಗಾಡಿ ಎಲ್ಲೈತಿ?" ಅಂದ್ರು. "ಗಾಡಿ ಟಿವ್ಯಾಗ ಐತ್ರಿ ಅತ್ತಿ" ಅಂದ್ನಿ. "ಹಂಗಾರ ರೊಟ್ಟಿನೂ ಟಿವ್ಯಾಗ ಬಡದು ಇಡು" ಅಂದು ಲಾಳಿ ಒಗದ್ರು. ಆದ್ರ ಜಾಗಾ ಕೊಟ್ರು. ಸಂಜಿಕಿ ಅವ್ರ ಮಗ್ಗದ ಸಪ್ಪಳ, ಬಾಜೂಕ ನನ್ನ ಕಾರಿನ ಸಪ್ಪಳ. ನಡಬರಕ ನಮ್ಮನಿಯವ್ರು ಚಾ ಬೇಕು ಅಂತ ಒದರಿದ್ರ ಇಬ್ಬರಿಗೂ ಕೇಳ್ತಿರಲಿಲ್ಲ. ಕೇಳಿದ್ರೂ ಕೇಳ್ತಿರಲಿಲ್ಲ ಅನ್ರಿ.

ಮುಂದ ಒಂದಿನ ಅತ್ತಿಗೆ ಲಕ್ವಾ ಹೊಡೀತು. ಬಾಗಲಕೋಟಿ ದವಾಖಾನ್ಯಾಗ ಇಟ್ಕೊಂಡು ಉಳಿಸಿದ್ರು. ಮಾತು ಹೊಳ್ಳಿ ಬಂತು, ಕೈ ಬಂತು, ಮೊದಲಿನ ಸಿಟ್ಟೂ ಬಂತು. ಬಲಗಾಲು ಮಾತ್ರ ಬರಲಿಲ್ಲ. ಕೋಲು ಹಿಡಕೊಂಡು ಎಳಕೋತ ನಡೀತಿದ್ರು ಖರೆ, ಆದ್ರ ಅಂಗಾಲಿಗೆ ಏನೂ ತಿಳೀತಿರಲಿಲ್ಲ. ಬಿಸಿನೀರು ಬಿದ್ರೂ ಗೊತ್ತಿಲ್ಲ, ಕಲ್ಲು ಚುಚ್ಚಿದ್ರೂ ಗೊತ್ತಿಲ್ಲ. ಡಾಕ್ಟರು ಹೇಳಿದ್ರು, ಗುಳಗಿಗಿಂತ ವ್ಯಾಯಾಮ ದೊಡ್ಡದು, ಕಾಲಿಗೆ ದಿನಾ ಕೆಲಸ ಕೊಡ್ರಿ, ಕಾಲಿನ ಕೆಳಗ ಬಾಟ್ಲಿ ಇಟ್ಟು ಉಳ್ಳಸ್ರಿ ಅಂತ. ಅತ್ತಿ ಆ ಬಾಟ್ಲಿನ ಎಡಗಾಲಿಲೆ ಒದ್ದು ಬಚ್ಚಲ ತನಕ ಕಳಿಸಿದ್ರು. "ನಾ ಏನ್ ತೊಟ್ಟಿಲ ಕೂಸೇನ? ಬಾಟ್ಲಿ ಆಡಸ್ಕೋತ ಕುಂದರಾಕ?"

ಮಗ್ಗದ ಮ್ಯಾಲ ಒಂದ್ ಸೀರಿ ಅರ್ಧಕ್ಕ ನಿಂತಿತ್ತು. ಹಸರು ಮೈ, ಅಂಚಿಗೆ ಗೋಮಿ ಚಿತ್ತಾರದ ದಡಿ. ಯಾರಿಗೆ ನೇಯಾಕತ್ತೀರಿ ಅಂತ ಮೊದಲ ಕೇಳಿದ್ದಾಗ "ಉಡಾಕಿಗೆ" ಅಂದಿದ್ರು. ನಮ್ಮನಿಯವ್ರು ಹೆದರಕೋತ, "ಯವ್ವಾ, ಓಣ್ಯಾಗ ಯಾರಿಗರ ಹೇಳಿ ಇದನ್ನ ಮುಗಿಸಿಬಿಡೂಣೇನ? ಹಾಸಿನ ಎಳಿ ಧೂಳ ತಿನ್ನಾಕತ್ತಾವ" ಅಂದ್ರು. ಅತ್ತಿ ಬಾಯಿ ಮಾಡ್ತಾರ ಅಂತ ನಾ ಕಿವಿ ಮುಚ್ಕೊಳ್ಳಾಕ ತಯಾರಾಗಿದ್ನಿ. ಅವ್ರು ಬಾಯಿ ಮಾಡಲಿಲ್ಲ. "ನನ್ನ ಕಾಲು ಬಂದ್ರ ನಾ ಮುಗಸ್ತೇನಿ. ಬರ್ಲಿಲ್ಲಂದ್ರ ಹಂಗ ಇರ್ಲಿ, ನಾ ಹೋದ ಮ್ಯಾಲ ಕತ್ತರಸ್ರಿ" ಅಂತ ಸಣ್ಣ ದನ್ಯಾಗ ಅಂದ್ರು. ಬಾಯಿ ಮಾಡಿದ್ರನ ಚಲೋ ಇತ್ತು. ಅತ್ತಿ ಮತ್ತ ನೇಯ್ತಾರೋ ಇಲ್ಲೋ, ನಮ್ಮ ಮನ್ಯಾಗ ಎಲ್ಲಾರ ಮನಸಿನ್ಯಾಗೂ ಆಗ ಇದ್ದದ್ದು ಇದೊಂದ ಮಾತು. ಬಾಯಿಲೆ ಮಾತ್ರ ಯಾರೂ ಆಡ್ತಿರಲಿಲ್ಲ.

ದಿನಾ ಮುಂಜಾನಿ ಅವ್ರು ಮಗ್ಗಕ್ಕ ಬಂದು ಕುಂಡ್ರೂದು ಬಿಡಲಿಲ್ಲ. ಕೈಲೆ ಎತ್ತಿ ಬಲಗಾಲನ್ನ ಕುಣ್ಯಾಗ ಇಳಿಬಿಡೂದು, ತುಳಿಯೋ ಹಲಗಿ ಮ್ಯಾಲ ಇಡೂದು, ಸುಮ್ಮನ ಕುಂಡ್ರೂದು. ಮಗ್ಗದ ಸಪ್ಪಳ ಇಲ್ಲದ ಆ ಮನ್ಯಾಗ ನನಗ ಕಾರು ಓಡಸಾಕೂ ಮನಸ್ಸಾಗವಲ್ದು. ಓಡಿಸಿದ್ರೂ ಸತ್ತ ಗಾಡಿ ಓಡಿಸಿದಂಗ ಅನಸ್ತಿತ್ತು. ಪರದ್ಯಾಗ ಕಾರು ಜಿಗದು ಜಿಗದು ಓಡ್ತೈತಿ, ಕುಂಡಿ ಕೆಳಗಿನ ಕುರ್ಚಿ ಗಪ್ಪಂತ ಕುಂತಿರ್ತೈತಿ. ಹಂಗ ಹೆಂಗ ನಂಬೂದ್ರಿ?

ಯಾಕಂದ್ರ ನಾ ರಸ್ತಾ ಕಲ್ತದ್ದು ಕಣ್ಣಿಲೆ ಅಲ್ಲ. ನಮ್ಮಜ್ಜನ ಚಕ್ಕಡ್ಯಾಗ ಜ್ವಾಳದ ಕಣಿಕಿ ಮ್ಯಾಲ ಅಂಗಾತ ಮಲಗಿ ಕಲ್ತದ್ದು. ಅಜ್ಜ ಎತ್ತಿಗೆ ಹೋ ಹೋ ಅನಕೋತ, "ಕಣ್ ಮುಚ್ಚು. ಈಗ ಎಲ್ಲಿ ಅದೀವಿ ಹೇಳು?" ಅಂತಿದ್ದ. ಕರೀ ಮಣ್ಣಿನ ಎರಿ ಹೊಲದ ದಾರ್ಯಾಗ ಗಾಡಿ ಮೆತ್ತಗ ತೂಗ್ತಿತ್ತು. ಹರಳುಗಲ್ಲಿನ ಗರಸು ಬಂದ್ರ ಹಲ್ಲು ಕಟಕಟ ಅಂತಿದ್ವು. ಹಳ್ಳ ಬಂದ್ರ ಮೊದಲ ಬೆನ್ನಿಗೆ ಒಂದ್ ಗುದ್ದು, ಆಮ್ಯಾಲ ತಣ್ಣಗ. "ಹಳ್ಳ ಬಂತಜ್ಜಾ!" ಅಂದ್ರ, "ಶಾಣ್ಯಾಕಿ" ಅಂತ ಒಂದ್ ಬೆಲ್ಲದ ಹರಳು ಕೊಡ್ತಿದ್ದ. ಸುಳ್ಳ ಹೇಳೂದಿಲ್ಲ, ಒಂದೊಂದ್ಸಲ ಅರ್ಧ ಕಣ್ಣು ತಗದು ನೋಡ್ತಿದ್ನಿ. ಅಜ್ಜಗ ಅದೂ ಗೊತ್ತಿತ್ತು.

ಅದಕ್ಕ ನನ್ನ ಕುರ್ಚಿಗೂ ನಡುಕ ತರಸೂದು ಅಂತ ಠರಾಯಿಸಿದ್ನಿ. ಮನ್ಯಾಗ ಹಿಂಗ ದುಗುಡ ತುಂಬಿರುವಾಗ ಇದೆಂಥಾ ಆಟ ಅಂತ ನೀವು ಕೇಳಬಹುದು. ದುಗುಡ ತುಂಬಿದ್ದಕ್ಕ ಮಾಡಿದ್ನಿ. ಕೈಗೆ ಏನರ ಕೆಲಸ ಬೇಕಾಗಿತ್ತು. ಇದಕ್ಕ ಬಾಸ್ ಶೇಕರ್ ಅನ್ನೋ ಸಾಮಾನು ಸಿಗ್ತೈತಿ. ಸ್ಪೀಕರಿನ ಜಾತೀದ, ಆದ್ರ ಹಾಡೂದಿಲ್ಲ, ತಾ ನಡಗ್ತೈತಿ, ತನ್ನ ಬಿಗಿದದ್ದನ್ನೂ ನಡಗಸ್ತೈತಿ. ಕುರ್ಚಿಗೆ ಒಂದು, ಪೆಡಲಿನ ಕೆಳಗ ಒಂದು ಬಿಗಿಬೇಕು. ನಡುವ ಒಂದ್ ಆಂಪ್ಲಿಫೈಯರ್. ಆಟದಾಗಿನ ಕಾರು ಗುಂಡಿ ಇಳದ್ರ, ಗೇರು ಬಿದ್ರ, ಇಂಜಿನ್ ಏರಿದ್ರ, ಕಂಪ್ಯೂಟರು ಆ ಸುದ್ದಿ ಮುಟ್ಟಸ್ತೈತಿ. ಇತ್ತ ನಮ್ಮ ಬೆನ್ನಿಗೂ ಅಂಗಾಲಿಗೂ ಅದ ಗುದ್ದು ಬೀಳ್ತೈತಿ.

ಈಗ ನಮ್ಮ ಮನಿ ದೊಡ್ಡ ತಪ್ಪಿನ ಕಥಿ ಕೇಳ್ರಿ. ನಮ್ಮನಿಯವ್ರು ಗ್ರಾನೈಟ್ ಪಾಲಿಶ್ ಮಾಡೋ ಕಾರ್ಖಾನ್ಯಾಗ ಸೂಪರ್‌ವೈಸರ್. ಇಳಕಲ್ಲಿನ್ಯಾಗ ಕೆಂಪು ಕಲ್ಲಿಗೇನ ಬರಾ? ನಮ್ಮ ಮನ್ಯಾಗ ಯಾವ ಸಾಮಾನು ಅಲುಗಾಡಿದ್ರೂ ಅದರ ಕೆಳಗ ಒಂದ್ ಗ್ರಾನೈಟ್ ತುಂಡು ಬಂದು ಕುಂಡ್ರತೈತಿ. ಫ್ರಿಜ್ ಕೆಳಗ ಗ್ರಾನೈಟು, ಮಿಕ್ಸರ್ ಕೆಳಗ ಗ್ರಾನೈಟು, ನೀರಿನ ಡ್ರಮ್ಮಿನ ಕೆಳಗ ಗ್ರಾನೈಟು. ನನ್ನ ಪೆಡಲು ತುಳದಾಗೊಮ್ಮೆ ಹಿಂದ ಸರೀತಾವ ಅಂದದ್ದ ತಡ, ಒಂದ್ ಹೆಬ್ಬಂಡಿ ಚಪ್ಪಡಿ ತರಿಸಿ ಕುರ್ಚಿ, ಪೆಡಲು ಎರಡನ್ನೂ ಅದಕ್ಕ ಬಿಗಿದು ಕೊಟ್ಟಿದ್ರು. ನಾ ಏನ್ ಮಾಡಿದ್ನಿ? ಗಣಿತ ಕಲಸಾಕಿ, ಬುದ್ಧಿವಂತಿ, ಶೇಕರ್ ತಂದು ಅದ ಚಪ್ಪಡಿಗೆ ಬಿಗಿದ್ನಿ. ಚಾಲೂ ಮಾಡಿದ್ನಿ. ಆಂಪ್ಲಿಫೈಯರ್ ಕಾದು ಹಂಚಾತು. ಕುರ್ಚಿ? ಊಹೂಂ. ಸೊಳ್ಳಿ ಕುಂತಷ್ಟೂ ಅಲುಗಾಡಲಿಲ್ಲ.

"ಗುಡ್ಡಕ್ಕ ಗಿಲಕಿ ಕಟ್ಟೀಯಲ್ಲ ಮಾರಾಯ್ತಿ" ಅಂತ ನಮ್ಮನಿಯವ್ರು ಹೊಟ್ಟಿ ಹಿಡಕೊಂಡು ನಕ್ರು.

"ಗುಡ್ಡ ತಂದವ್ರು ಯಾರ್ರಿ?" ಅಂದ್ನಿ. ನಗು ನಿಂತ್ತು.

ಕಲ್ಲು ಹೊರಗ ಹೋತು. ಈಗ ಅರಬಿ ಒಗ್ಯಾಕ ಭಾಳ ಚಲೋ ಆಗೇತಿ. ಅದರ ಜಾಗಾಕ್ಕ ಕಟಗಿ ಹಲಗಿ ಬೇಕಾಗಿತ್ತು. ಅಟ್ಟದ ಮ್ಯಾಲ ಸಾಗವಾನಿದೊಂದು ಉದ್ದಂದು ಬಿದ್ದಿತ್ತು. ಅತ್ತಿನ ಕೇಳಿದ್ರ "ತಗೋ, ನನಗ್ಯಾಕ ಇನ್ನ" ಅಂದ್ರು. ಆ "ಇನ್ನ" ನನಗ ಸೇರಲಿಲ್ಲ. ಹಲಗಿ ಭಾಳ ಉದ್ದ ಆತು, ಕೊಯ್ಯಾಕ ಮನಸ್ಸಾಗಲಿಲ್ಲ. ಒಂದ್ ತುದಿ ಗ್ವಾಡಿ ಕಡೆ, ಇನ್ನೊಂದ್ ತುದಿ ಹೋಗಿ ಮಗ್ಗದ ಕಟಗಿಗೆ ಹತ್ತಿ ಕುಂತ್ತು. ಇರ್ಲಿ ಬಿಡು ಅಂತ ಕುರ್ಚಿ, ಪೆಡಲು, ಶೇಕರ್ ಎಲ್ಲಾ ಅದಕ್ಕ ಬಿಗಿದ್ನಿ.

ಐತವಾರ ಮಧ್ಯಾಹ್ನ. ಅತ್ತಿ ದಿನದಂಗ ಮಗ್ಗದ ಮುಂದ ಕಾಲು ಇಳಿಬಿಟ್ಟು ಕುಂತಿದ್ರು. ನಾ ಕುರ್ಚ್ಯಾಗ ಕುಂತು ಚಾಲೂ ಮಾಡಿದ್ನಿ. ಯಪ್ಪಾ, ಏನ್ ಹೇಳ್ಲಿ! ಇಂಜಿನ್ ಬೆನ್ನಿನ್ಯಾಗ ಗುರುಗುಟ್ಟಾಕತ್ತು. ರಸ್ತಾದ ಅಂಚಿನ ಮ್ಯಾಲ ಗಾಲಿ ಹತ್ತಿದ್ದ ತಡ, ಗಡಗಡಗಡ ಅಂತ ಹಲ್ಲು ಕಟಕಟ ಅಂದ್ವು. ಅಜ್ಜನ ಗರಸು ದಾರಿ! ನಾ ಕೇಕಿ ಹಾಕಿದ್ನಿ. ಅಷ್ಟರಾಗ ನನಗಿಂತ ದೊಡ್ಡ ಕೇಕಿ ಅತ್ತೀದು.

"ಏ ಸುಮಾ! ಕುಣ್ಯಾಗ ಇಲಿ ಐತಿ ನೋಡ! ಕಾಲಿಗೆ ಹತ್ತಾಕತ್ತೈತಿ!"

ಎದ್ದು ಓಡಿ ಬಂದು ಬ್ಯಾಟರಿ ಬೆಳಕು ಬಿಟ್ಟು ಕುಣಿ ತುಂಬ ಹುಡಿಕ್ಯಾಡಿದ್ನಿ. ಇಲಿ ಇಲ್ಲ, ಜಿರ್ಲಿನೂ ಇಲ್ಲ. "ಯಾವ ಕಾಲಿಗ್ರಿ ಅತ್ತಿ?" ಅಂತ ಕೇಳಿದ್ನಿ.

"ಈ ಕಾಲಿಗವ್ವ" ಅಂತ ತೋರಿಸಿದವ್ರ ಕೈ ಅಲ್ಲೇ ನಿಂತ್ತು. ತೋರಿಸಿದ್ದು ಬಲಗಾಲು.

ಇಬ್ಬರೂ ಒಬ್ಬರ ಮುಖಾ ಒಬ್ಬರು ನೋಡಿದ್ವಿ. ಬಿಸಿನೀರು ತಿಳೀದ ಕಾಲಿಗೆ ಇಲಿ ತಿಳಿದಿತ್ತು, ಅದೂ ಇಲ್ಲದ ಇಲಿ. ನನಗ ಆಗ ಹೊಳೀತು: ಹಲಗಿ ಮಗ್ಗಕ್ಕ ಹತ್ತೈತಿ, ಮಗ್ಗದ ನಡುಕ ತುಳಿಯೋ ಹಲಗಿಗೆ ಇಳದೈತಿ, ಅಲ್ಲಿಂದ ಅಂಗಾಲಿಗೆ. ಹೋಗಿ ಕುರ್ಚ್ಯಾಗ ಕುಂತ್ನಿ. "ಕಣ್ ಮುಚ್ರಿ" ಅಂದ್ನಿ. ಪೆಡಲ್ ಒತ್ತಿದ್ನಿ.

"ಬಂತು" ಅಂದ್ರು.

ಬಿಟ್ನಿ. "ಈಗ?"

"ಇಲ್ಲ."

ಮತ್ತ ಒತ್ತಿದ್ನಿ. "ಬಂತು, ಬಂತು ನೋಡು!" ಅಂದ್ರು. ದನಿ ನಡಗಾಕತ್ತಿತ್ತು. ಆ ನಡುಕಕ್ಕ ಯಾವ ಮಶೀನೂ ಬೇಕಾಗಿರಲಿಲ್ಲ.

ಡಾಕ್ಟರಿಗೆ ಫೋನ್ ಹಚ್ಚಿ ಹೇಳಿದ್ರ ಅವ್ರು ನಕ್ರು. "ಪವಾಡ ಅಲ್ರಿ ಅಕ್ಕಾರ. ಕಾಲಿಗೆ ಜರಾ ಜರಾ ಅರಿವು ಬರಾಕತ್ತೈತಿ, ನಡುಕ ಜೋರ ಐತಿ ಅಂತ ಗೊತ್ತಾಗೇತಿ. ಅದನ್ನ ನಂಬಿ ಕುಂಡ್ರಬ್ಯಾಡ್ರಿ. ಆದ್ರ ಅದರ ನೆವದ್ಲೆ ಅವ್ರು ಕಾಲು ಆಡಿಸಿದ್ರ ನನಗಿಂತ ನಿಮ್ಮ ಕುರ್ಚಿನ ಚಲೋ. ಭಾಳ ಹೊತ್ತು ಮಾತ್ರ ಬ್ಯಾಡ" ಅಂದ್ರು.

ಅವತ್ತ ಸಂಜಿಕಿ ಅತ್ತಿನ ಕುರ್ಚ್ಯಾಗ ಕುಂಡ್ರಿಸಿದ್ವಿ. ಸೀರಿ ನಿರಿಗಿ ಸರಿ ಮಾಡ್ಕೊಂಡು, ಸ್ಟೇರಿಂಗಿಗೆ ಕೈ ಮುಗದು ಕುಂತ್ರು. ನಾ ಬಲಗಾಲಿನ ಪೆಡಲ್ ಎಷ್ಟು ಒತ್ತಿದ್ರ ಅಷ್ಟು ನಡುಕ ಬರೂ ಹಂಗ ಕಂಪ್ಯೂಟರಿಗೆ ಹೇಳಿದ್ನಿ. "ಇದು ಬ್ರೇಕು, ಇದು ಎಕ್ಸಿಲರೇಟರ್. ಇದನ್ನ ಒತ್ತಿ ಹಿಡೀರಿ ಅಷ್ಟ" ಅಂದ್ನಿ. ಅತ್ತಿ ಒತ್ತಿದ್ರು. ಹೆಂಗ ಒತ್ತಿದ್ರು ಅಂತೀರಿ? ಎಡಗಾಲು ಒತ್ತಿ ಬಿಟ್ರು, ಬಲಗಾಲು ಒತ್ತಿ ಬಿಟ್ರು, ಮತ್ತ ಎಡಗಾಲು, ಮತ್ತ ಬಲಗಾಲು. ಕಾರು ಒಂದ್ ಹೆಜ್ಜಿ ಜಿಗೀತು, ನಿಂತ್ತು, ಮತ್ತ ಜಿಗೀತು, ಮತ್ತ ನಿಂತ್ತು. ಹಿಂದಿನ ಕಾರೆಲ್ಲಾ ಬಂದು ನಮ್ಮ ಕಾರಿನ ಬೆನ್ನಿಗೆ ಬಡಕೊಂಡು ಗುಂಪಾದ್ವು.

"ಯವ್ವಾ, ನೀ ಕಾರ್ ಓಡಸಾಕತ್ತಿಲ್ಲ, ನೇಯಾಕತ್ತಿ!" ಅಂದು ನಮ್ಮನಿಯವ್ರು ನೆಲಕ್ಕ ಕುಂತು ನಗಾಕತ್ರು.

"ಎಡಗಾಲು ಆದ ಮ್ಯಾಲ ಬಲಗಾಲು. ಹುಟ್ಟಿದಾಗಿಂದ ಹಂಗ ಮಾಡೇನಿ. ನಿಮ್ಮ ಕಾರಿಗೆ ಕಾಲಿನ ಲೆಕ್ಕ ತಿಳೀದಿದ್ರ ನಾ ಏನ್ ಮಾಡ್ಲಿ?" ಅಂದ್ರು ಅತ್ತಿ.

ನಾ ತಿದ್ದಾಕ ಬಾಯಿ ತಗದಾಕಿ ಮುಚ್ಚಿದ್ನಿ. ನಮಗ ಬೇಕಾದದ್ದು ರೇಸ್ ಗೆಲ್ಲೂದಾ? ಬ್ರೇಕಿಗೂ ನಡುಕ ಕೊಟ್ನಿ. ಎಡಗಾಲಿಗೆ ಒಂದ್ ನಮೂನಿ, ಬಲಗಾಲಿಗೆ ಇನ್ನೊಂದ್ ನಮೂನಿ. ಅವತ್ತಿಂದ ನಮ್ಮ ಅತ್ತಿ ದಿನಾ ರೇಸಿಗೆ ಇಳದ್ರು, ದಿನಾ ಕಡೀಕ ಬಂದ್ರು. ಓಡಸ್ಕೋತ ಟೀಕಾ ಬ್ಯಾರೆ: "ಇದೆಂಥಾ ರಸ್ತಾನ? ಒಂದ್ ಎಮ್ಮಿಲ್ಲ, ಒಂದ್ ಕೋಳಿ ಅಡ್ಡ ಬರವಲ್ದು. ಮಂದಿ ಸತ್ತ ಊರೇನ?" ಮತ್ತೊಂದ್ ದಿನ, "ಇಷ್ಟು ಜೋರ ಓಡಿ ಹೊಳ್ಳಿ ಅಲ್ಲೇ ಬರ್ತಾವಲ್ಲ, ಇವಕ್ಕ ಮನಿ ಮಠ ಇಲ್ಲೇನ?" ಖರೇನ ಅಲ್ಲೇನ್ರಿ?

ಎಲ್ಲಾ ದಿನಾನೂ ಹಿಂಗ ನಗ್ಯಾಡ್ಕೋತ ಹೋತು ಅಂದ್ರ ಸುಳ್ಳಾಗ್ತೈತಿ. ಚಳಿಗಾಲದಾಗ ಕಾಲು ಸೆಟಕೊಂಡು ಕುಂತ್ತು. ಎಷ್ಟು ಒತ್ತಿದ್ರೂ ಬಲಗಾಲು ಮ್ಯಾಲ ಏಳವಲ್ದು. ಅತ್ತಿ ಕೋಲು ಬೀಸಿ ಒಗದ್ರು, "ಸಾಕು ನಿನ್ನ ಆಟ. ಸತ್ತ ಕಾಲಿಗೆ ಕುಣಿತ ಕಲಸಾಕ ಬಂದಾಳ" ಅಂದ್ರು. ಕಣ್ಣಾಗ ನೀರಿದ್ವು. ನಾನೂ ತಿರುಗಿ ಏನೋ ಅಂದ್ನಿ, ಒಳಗ ಹೋಗಿ ಹಿಟ್ಟು ನಾದ್ಕೋತ ಅತ್ನಿ. ಮುಂದ ಕೆಲ ದಿನ ಮಗ್ಗದ ಮನಿ ಬಾಗಲಾ ಯಾರೂ ತಗೀಲಿಲ್ಲ. ನಾ ಕಾಲೇಜಿನಿಂದ ಬಂದು ಆ ಬಾಗಲಾ ನೋಡಿ, ನೋಡದವರಂಗ ಹೋಗ್ತಿದ್ನಿ. ಹೊಳ್ಳಿ ಕರ್ದ್ರ ಬೈತಾರ, ಕರೀದಿದ್ರ ಅಲ್ಲೇ ಕುಂಡ್ರತಾರ.

ಒಂದಿನ ನಾ ಇನ್ನೂ ಚಪ್ಪಲಿ ಬಿಟ್ಟಿದ್ದಿಲ್ಲ, ಒಳಗಿಂದ ದನಿ ಬಂತು: "ಏ ಸುಮಾ, ಆ ನಿನ್ನ ಕುರ್ಚಿ ಚಾಲೂ ಮಾಡು. ಇವತ್ತ ಆ ಕೆಂಪು ಕಾರಿನವನ್ನ ಬಿಡೂದಿಲ್ಲ ನಾ." ಕೆಂಪು ಕಾರಿನವ ದಿನಾ ಎಲ್ಲಾರಕಿಂತ ಮೊದಲ ನಮ್ಮ ಬೆನ್ನಿಗೆ ಬಂದು ಬಡಕೊಳ್ಳಾವ. ಅವನ ಮ್ಯಾಲ ಸಿಟ್ಟು ಬಂದದ್ದ ನಮಗ ದೇವರು ಬಂದಂಗಾತು.

ಬ್ಯಾಸಗಿ ಹತ್ತಿರ ಬಂದಾಗ ಅತ್ತಿ ತಾವ ಹೇಳಾಕತ್ರು, "ಜರಾ ಕಡಿಮಿ ಮಾಡು. ಇಷ್ಟು ನಡುಗಿದ್ರ ನನ್ನ ಕಾಲೆಷ್ಟು, ನಿನ್ನ ಮಶೀನೆಷ್ಟು ತಿಳೀವಲ್ದು." ನಾ ಕಡಿಮಿ ಮಾಡಿದ್ನಿ. ಮತ್ತ ಕಡಿಮಿ ಮಾಡಂದ್ರು. ಮಾಡಿದ್ನಿ. ಕೋಲು ಇನ್ನೂ ಬೇಕಾಗ್ತಿತ್ತು, ಕಾಲು ಇನ್ನೂ ಎಳೀತಿತ್ತು. ಆದ್ರ ಒಂದ್ ಮುಂಜಾನಿ ಅಂಗಳದಾಗ ನಿಂತು "ಈ ಕಲ್ಲು ಎಷ್ಟು ತಣ್ಣಗೈತೆಲೇ" ಅಂದ್ರು. ನಮ್ಮನಿಯವ್ರು ಹಲ್ಲು ತಿಕ್ಕಾಕತ್ತಿದ್ದವ್ರು ಬ್ರಷ್ ಬಾಯಾಗ ಇಟ್ಕೊಂಡ ಅವ್ವನ ತೆಕ್ಕಿ ಬಡದ್ರು. "ಥೂ, ನೊರಿ!" ಅಂತ ಅತ್ತಿ ಬೈದ್ರು.

ಆಮ್ಯಾಲ ಕಾಲೇಜಿಗೆ ಸೂಟಿ ಇದ್ದ ಒಂದಿನ ನಾ ಅಡಗಿಮನಿ ಕೆಲಸ ಮುಗಿಸಿ ಬಂದ್ರ ಅತ್ತಿ ಕುರ್ಚ್ಯಾಗಿರಲಿಲ್ಲ. ಮಗ್ಗದ ಮುಂದ ಕುಂತಿದ್ರು. ಸೀರಿ ಮ್ಯಾಲಿನ ಧೂಳ ಕೊಡವಿದ್ರು, ಹರದ ಎಳಿ ಗಂಟ ಹಾಕಿದ್ರು, ನೂಲು ಸುತ್ತಿದ ಕಂಡಿಕಿ ಲಾಳ್ಯಾಗ ಹಾಕಿದ್ರು. ನಾ ಓಡಿ ಹೋಗಿ ಆಂಪ್ಲಿಫೈಯರಿಗೆ ಕೈ ಹಾಕಿದ್ನಿ, ನಡುಕ ಕೊಡೂಣು ಅಂತ.

"ಬ್ಯಾಡ. ಅದನ್ನ ಬಂದ್ ಮಾಡು" ಅಂದ್ರು, ತಲಿ ಎತ್ತದ.

ಬಂದ್ ಮಾಡಿದ್ನಿ. ಎಲ್ಲಿ ನಿಂದರಬೇಕು ತಿಳೀದ ನನ್ನ ಕುರ್ಚ್ಯಾಗ ಹೋಗಿ ಕುಂತ್ನಿ. ಪರದೆ ಕಪ್ಪು, ಎಲ್ಲಾ ಬಂದ್. ಅತ್ತಿ ಎಡಗಾಲು ಒತ್ತಿದ್ರು, ಲಾಳಿ ಒಗದ್ರು, ಎಳಿ ಒತ್ತೋ ಫಣಿ ಜಗ್ಗಿ ಬಡದ್ರು. ದಪ್! ಹಲಗಿಗುಂಟ ಹಾಯ್ದು ಬಂದು ನನ್ನ ಬೆನ್ನಿಗೆ ಹತ್ತಿತು. ಕರೆಂಟಿಲ್ಲದ ಕುರ್ಚಿ ನಡುಗಿತು.

ಇನ್ನ ಬಲಗಾಲು. ಏನೂ ಬರಲಿಲ್ಲ. ತಿರುಗಿ ನೋಡಾಕ ಧೈರ್ಯ ಆಗಲಿಲ್ಲ. ಕಣ್ ಮುಚ್ಚಿ ಬೆನ್ನು ಕುರ್ಚಿಗೆ ಒತ್ತಿ ಕಾದ್ನಿ. ಓಣ್ಯಾಗ ಯಾರೋ ತರಕಾರಿ ಮಾರ್ಕೋತ ಹೋದ್ರು. ಅತ್ತಿ ಸಣ್ಣಗ ನರಳಿದ್ದು ಕೇಳಿಸ್ತು. ಆಮ್ಯಾಲ ತುಳಿಯೋ ಹಲಗಿ ಕಿರ್ ಅಂತು, ಲಾಳಿ ಸರ್ ಅಂತು, ಬಂತು ನೋಡ್ರಿ, ದಪ್! ಮೊದಲಿನಕಿಂತ ಮೆತ್ತಗ, ಆದ್ರ ಬಂತು. ಮತ್ತ ಎಡಗಾಲು, ದಪ್. ಮತ್ತ ಕಾಯೂದು. ಮತ್ತ ಬಲಗಾಲು, ದಪ್. ಕುಂಟಕೋತ ಕುಂಟಕೋತ ಮಗ್ಗ ನಡೀತು. ನನಗ ಅಳು ತಡಿಯಾಕ ಆಗಲಿಲ್ಲ. ಸ್ಟೇರಿಂಗಿಗೆ ತಲಿ ಹಚ್ಚಿ ಅಳಾಕತ್ನಿ, ಎಷ್ಟು ಹೊತ್ತೋ ಗೊತ್ತಿಲ್ಲ.

ಸಪ್ಪಳ ನಿಂತ್ತು. ಗಾಬರ್ಯಾಗಿ ತಲಿ ಎತ್ತಿದ್ನಿ.

"ಏನ್ ಅಳ್ಕೋತ ಕುಂತಿ?" ಅಂದ್ರು ಅತ್ತಿ. "ಕಂಡಿಕಿ ಮುಗದಾವ. ಸುತ್ತಾಕ ಬಾ."